ಮೈಸೂರು ಮಹಾರಾಜರ ಮೆಟ್ನರ್ ಸಂಪುಟಗಳು

ಒಳ್ಳೆಯ ಹಾಡೊಂದನ್ನು ಕೇಳಿದವನಿಗೆ ಅದನ್ನು ಮತ್ತೊಬ್ಬರಿಗೆ ಕೇಳಿಸುವ ತನಕ ಸಮಾಧಾನವಿರುವುದಿಲ್ಲ. ಗ್ರಾಮಫೋನು ನಮ್ಮ ಊರುಗಳಿಗೆ ಬಂದ ಕಾಲದಲ್ಲಿ ಈ ಸ್ವಭಾವವು ಎಲ್ಲರ ಕಣ್ಣಿಗೂ ಬೀಳುವಂತಾಯಿತು. ಹೊಸ ಪ್ಲೇಟು ತಂದವನು ಪೆಟ್ಟಿಗೆಗೆ ಕೀಲಿ ಕೊಡುವ ಮೊದಲು ನೆರೆಮನೆಯವರನ್ನು ಕರೆಯುತ್ತಿದ್ದನು. ಕೇಳಿ ಮೆಚ್ಚಿದವನು ಎರಡು ದಿನದ ಮಟ್ಟಿಗೆಂದು ಅದನ್ನು ಎರವಲು ಒಯ್ಯುತ್ತಿದ್ದನು. ಹೋದ ಪ್ಲೇಟು ಹಿಂದಿರುಗುವಾಗ ಅಂಚು ಮುರಿದಿರುತ್ತಿದ್ದುದೂ ಉಂಟು. ಇದು ಸಾಮಾನ್ಯ ಗೃಹಸ್ಥರ ಮಾತಾಯಿತು. ಇದೇ ಚಪಲವು ಅರಮನೆಯಲ್ಲಿ ತಲೆದೋರಿದರೆ ಏನಾಗಬಲ್ಲದೆಂಬುದಕ್ಕೆ ನಮ್ಮ ಮೈಸೂರಿನಲ್ಲಿಯೇ ಒಂದು ದೃಷ್ಟಾಂತವಿರುವುದು. ನಮ್ಮವರಲ್ಲಿ ಹಲವರು ಅದನ್ನು ಅರಿಯರು. ದೂರದ ಲಂಡನ್ನಿನಲ್ಲಿ ಪಾಶ್ಚಾತ್ಯ ಸಂಗೀತದ ಚರಿತ್ರೆಯನ್ನು ಬರೆಯುವವರು ಅದನ್ನು ಮರೆತಿಲ್ಲ.

ಮೊದಲು ಆಲ್ಬಂ ಎಂಬ ಮಾತಿನ ವಿಷಯವಾಗಿ ಸ್ವಲ್ಪ ಹೇಳಬೇಕು. ಇಂದಿನವರಿಗೆ ಅದು ಹಾಡುಗಳ ಒಂದು ಗುಚ್ಛದ ಹೆಸರು. ನಿಮಿಷಕ್ಕೆ ೭೮ ಸುತ್ತು ತಿರುಗುತ್ತಿದ್ದ ಅರಗಿನ ತಟ್ಟೆಗಳ ಕಾಲದಲ್ಲಾದರೋ ಅದು ನಿಜವಾಗಿಯೂ ಒಂದು ಪುಸ್ತಕವೇ ಆಗಿತ್ತು. ಹನ್ನೆರಡು ಅಂಗುಲದ ತಟ್ಟೆಯ ಒಂದು ಮುಖದಲ್ಲಿ ನಾಲ್ಕೈದು ನಿಮಿಷದ ಸಂಗೀತವು ಮಾತ್ರ ಹಿಡಿಯುತ್ತಿತ್ತಾದುದರಿಂದ, ಅರ್ಧ ಗಂಟೆಗೂ ಮಿಕ್ಕ ಕೃತಿಯೊಂದಕ್ಕೆ ನಾಲ್ಕೈದು ತಟ್ಟೆಗಳು ಬೇಕಾಗುತ್ತಿದ್ದುವು. ಅವುಗಳನ್ನು ಕಾಗದದ ಚೀಲಗಳಲ್ಲಿರಿಸಿ, ಭಾವಚಿತ್ರಗಳ ಪುಸ್ತಕದಂತೆ ರಟ್ಟು ಕಟ್ಟಿ ಮಾರುತ್ತಿದ್ದರು. ಇಂಥ ಸಂಪುಟಗಳಿಗೆ ಬೆಲೆ ಹೆಚ್ಚು, ಕೊಳ್ಳುವವರು ಕಡಿಮೆ. ಹೀಗಿರಲು ಹಿಸ್ ಮಾಸ್ಟರ್ಸ್ ವಾಯ್ಸ್ ಕಂಪೆನಿಯಲ್ಲಿದ್ದ ವಾಲ್ಟರ್ ಲೆಗ್ ಎಂಬವರು ೧೯೩೧ರಲ್ಲಿ ಒಂದು ಉಪಾಯವನ್ನು ಹೂಡಿದರು. ಹ್ಯೂಗೊ ವುಲ್ಫನ ಗೀತೆಗಳನ್ನು ಬಯಸುವವರಿಂದ ಮೊದಲೇ ಚಂದಾ ಕೂಡಿಸಿ, ಖರ್ಚಿಗೆ ಸಾಕಾಗುವಷ್ಟು ಜನ ಸೇರಿದ ಬಳಿಕ ಗಾಯಕರನ್ನು ಕರೆಸಿ ಮುದ್ರಿಸುವುದು. ಮರುವರ್ಷ ಬೀಥೋವನ್ನನ ಸೊನಾಟಗಳಿಗೂ ಇಂಥದೇ ಒಂದು ಸಂಘವು ಏರ್ಪಟ್ಟಿತು. ಕೇಳುವವರು ಮೊದಲು, ತಟ್ಟೆಯು ಆಮೇಲೆ. ವ್ಯಾಪಾರದ ಕ್ರಮವು ತಲೆಕೆಳಗಾಯಿತು.

ಇತ್ತ ಮೈಸೂರಿನಲ್ಲಿ ಶ್ರೀ ಜಯಚಾಮರಾಜ ಒಡೆಯರವರು ೧೯೪೦ರಲ್ಲಿ ಪಟ್ಟಕ್ಕೆ ಬಂದರು. ಆಗ ಅವರಿಗೆ ಇಪ್ಪತ್ತೊಂದು ವರ್ಷ. ಆ ಒಂದೇ ಸಂವತ್ಸರದಲ್ಲಿ ತಂದೆ ಕಂಠೀರವ ನರಸಿಂಹರಾಜರೂ ದೊಡ್ಡಪ್ಪನವರಾದ ನಾಲ್ವಡಿ ಕೃಷ್ಣರಾಜರೂ ತೀರಿಕೊಂಡಿದ್ದರು. ನಾಲ್ವಡಿಯವರ ಕಾಲದಿಂದಲೂ ಅರಮನೆಯಲ್ಲಿ ವೀಣೆಯ ಜೊತೆಗೆ ಪಾಶ್ಚಾತ್ಯ ವಾದ್ಯವೃಂದವೂ ಇದ್ದು, ಜರ್ಮನಿಯ ಆಟೋ ಷ್ಮಿಟ್ಟರು ಅದನ್ನು ನಡೆಯಿಸುತ್ತಿದ್ದರು. ಈ ಎಳೆಯ ದೊರೆಗಳಿಗೆ ಪಿಯಾನೋವಾದನದಲ್ಲಿ ಇದ್ದ ಆಸೆಯು ಬರಿಯ ಹವ್ಯಾಸದ ಮಟ್ಟದ್ದಲ್ಲ. ಸಿಂಹಾಸನವು ಒದಗದೆ ಇದ್ದಿದ್ದರೆ ಅದೇ ಅವರ ವೃತ್ತಿಯಾಗುತ್ತಿತ್ತೋ ಏನೋ. ೧೯೪೫ರಲ್ಲಿ ಲಂಡನ್ನಿನ ಟ್ರಿನಿಟಿ ಸಂಗೀತ ಕಾಲೇಜು ಅವರಿಗೆ ಗೌರವ ಸದಸ್ಯತ್ವವನ್ನು ಕೊಟ್ಟಿತು. ಬೆರಳಿಗೆ ದೊರೆಯದುದನ್ನು ಅವರು ಕಿವಿಗೆ ದೊರಕಿಸಿಕೊಂಡರೆಂದು ನನ್ನ ಊಹೆ. ಅವರ ತಟ್ಟೆಗಳ ಭಂಡಾರವು ೧೯೫೦ರ ಹೊತ್ತಿಗೆ ಸುಮಾರು ೨೦,೦೦೦ ಇದ್ದಿತೆಂದು ಅಂದಾಜು ಮಾಡಿದ್ದರು.

ಈ ಭಂಡಾರದಲ್ಲಿ ಸಾಕಷ್ಟು ದೊರೆಯದಿದ್ದ ಸಂಗೀತವೊಂದುಂಟು. ಅದು ನಿಕೊಲಾಯ್ ಮೆಟ್ನರ್ ಎಂಬ ರಷ್ಯದವರದು. ಈತನು ೧೮೮೦ರಲ್ಲಿ ಮಾಸ್ಕೋ ನಗರದಲ್ಲಿ ಹುಟ್ಟಿ, ೧೯೨೧ರಲ್ಲಿ ಸ್ವದೇಶವನ್ನು ಬಿಟ್ಟು, ಜರ್ಮನಿ ಫ್ರಾನ್ಸುಗಳಲ್ಲಿ ಅಲೆದು, ಕಡೆಗೆ ಲಂಡನ್ನಿನಲ್ಲಿ ನೆಲಸಿದನು. ಪಿಯಾನೋ ಇಲ್ಲದ ಕೃತಿಯೊಂದನ್ನೂ ಈತನು ರಚಿಸಲಿಲ್ಲ: ಹದಿನಾಲ್ಕು ಸೊನಾಟಗಳು, ಮೂರು ಕಂಚೆರ್ಟೋಗಳು, ನೂರಕ್ಕೆ ಮಿಕ್ಕ ಗೀತೆಗಳು, ‘ಕಥೆ’ಗಳೆಂದು ತಾನೇ ಹೆಸರಿಟ್ಟ ಕಿರುಕೃತಿಗಳು. ಹೊಸ ರೀತಿಯ ಸಂಗೀತವೆಂದರೆ ಆತನಿಗೆ ಆಗದು. ಅದನ್ನು ಖಂಡಿಸಿ ೧೯೩೫ರಲ್ಲಿ ಒಂದು ಗ್ರಂಥವನ್ನೇ ಬರೆದನು. ಕಾಲದೊಡನೆ ಜಗಳವಾಡಿದವನನ್ನು ಕಾಲವು ಉಪಚರಿಸೀತೇ? ಮಿತ್ರನಾದ ರಾಖ್ಮನಿನೊಫನು ಮೆಚ್ಚಿ ನೆರವಾಗುತ್ತಿದ್ದನು. ಅವನೂ ೧೯೪೩ರಲ್ಲಿ ತೀರಿಹೋದನು. ಯುದ್ಧವು ಹತ್ತಿದ ಮೇಲೆ ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ಹಣವು ನಿಂತುಹೋಯಿತು, ಪಾಠಗಳು ಕಡಿಮೆಯಾದುವು, ೧೯೪೨ರಲ್ಲಿ ಹೃದ್ರೋಗವು ಬಂದೊದಗಿತು. ಆ ಸಮಯದಲ್ಲಿ ಶಿಷ್ಯೆಯಾದ ಎಡ್ನಾ ಐಲ್ಸ್ ಎಂಬಾಕೆಯು ಗುರುದಂಪತಿಗಳಿಗೆ ಹಳ್ಳಿಯಲ್ಲಿ ಆಶ್ರಯವಿತ್ತಳು. ಅರುವತ್ತು ದಾಟಿದ ಆ ಕೈಗಳು ನಿಂತುಹೋದರೆ, ಆ ಕೃತಿಗಳನ್ನು ರಚಿಸಿದವನೇ ಹೇಗೆ ನುಡಿಸುತ್ತಿದ್ದನೆಂಬುದು ಲೋಕಕ್ಕೆ ತಿಳಿಯದೆ ಹೋಗುವಂತಿತ್ತು.

ಎರಡನೆಯ ಮಹಾಯುದ್ಧವು ಮುಗಿದ ತರುವಾಯ ಮೈಸೂರಿನಿಂದ ಕರೆ ಬಂದಿತು. ಮೆಟ್ನರನ ಕೃತಿಗಳನ್ನೆಲ್ಲ ಆತನ ಕೈಯಿಂದಲೇ ನುಡಿಯಿಸಿ ಮುದ್ರಿಸುವುದಕ್ಕಾಗಿ ಮಹಾರಾಜರು ಮೆಟ್ನರ್ ಸಂಘವನ್ನು ಸ್ಥಾಪಿಸಿದರು. ಹಿಂದಿನ ಸಂಘಗಳಿಗೆ ನೂರಾರು ಚಂದಾದಾರರು ಬೇಕಾಗಿದ್ದರು. ಇದಕ್ಕೆ ಒಬ್ಬರೇ ಸಾಕಾದರು. ೧೯೪೬ರಲ್ಲಿ ಮೆಟ್ನರನೂ ಬೆನ್ನೊ ಮೊಯ್ಸೆಯೆವಿಚ್ಚನೂ ಎರಡು ಪಿಯಾನೋಗಳಲ್ಲಿ ‘ರಷ್ಯದ ಸುತ್ತುಕುಣಿತ’ವನ್ನು ನುಡಿಸಿದರು. ೧೯೪೭ರಲ್ಲಿ ಫಿಲ್ಹಾರ್ಮೋನಿಯ ವಾದ್ಯವೃಂದದೊಡನೆ ಮೂರು ಕಂಚೆರ್ಟೋಗಳೂ ಮುದ್ರಿತವಾದುವು. ೧೯೫೦ರಲ್ಲಿ ಎಲಿಜಬೆತ್ ಶ್ವಾರ್ಟ್ಸ್‌ಕಾಫರು ಗೀತೆಗಳನ್ನು ಹಾಡಿದಾಗ ಪಕ್ಕವಾದ್ಯಕ್ಕೆ ಕುಳಿತಿದ್ದವನು ರೋಗಪೀಡಿತನಾದ ಆ ಮುದುಕನೇ. ಮೂರು ಸಂಪುಟಗಳು ಹೊರಬಿದ್ದುವು. ಎರಡನೆಯ ಕಂಚೆರ್ಟೋವನ್ನು ಹಿಂದೆ ರಾಖ್ಮನಿನೊಫನಿಗೆ ಅರ್ಪಿಸಿದ್ದ ಮೆಟ್ನರನು ಮೂರನೆಯದನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದನು. ಪಾಶ್ಚಾತ್ಯ ಸಂಗೀತಗಾರರಲ್ಲಿ ಅರ್ಪಣೆಯೆಂದರೆ ಎಷ್ಟೋ ವೇಳೆ ಮರ್ಯಾದೆಯ ಮಾತು. ಇಲ್ಲಿ ಅದು ಋಣಪತ್ರ.

ಲೆಗ್ಗರವರು ಮೈಸೂರಿಗೇ ಬಂದು ಕೆಲವು ವಾರ ಇದ್ದು ಹೋದರು. ಮೂವತ್ತು ವರ್ಷವೂ ತುಂಬದ ದೊರೆ, ಊಹಿಸಬಹುದಾದ ತಟ್ಟೆಗಳೆಲ್ಲವೂ ಇದ್ದ ಭಂಡಾರ, ಬಗೆಬಗೆಯ ಧ್ವನಿವರ್ಧಕಗಳು, ದೊಡ್ಡ ಪಿಯಾನೋಗಳು. ಇವುಗಳನ್ನು ಕಂಡು ಬೆರಗಾದುದನ್ನು ಅವರು ಬರೆದಿಟ್ಟಿದ್ದಾರೆ. ತಮ್ಮ ಫಿಲ್ಹಾರ್ಮೋನಿಯ ವಾದ್ಯವೃಂದಕ್ಕೆ ಮಹಾರಾಜರು ಮೂರು ವರ್ಷ, ವರ್ಷಕ್ಕೆ ೧೦,೦೦೦ ಪೌಂಡಿನಂತೆ ಕೊಡಲೊಪ್ಪಿದರೆಂಬುದನ್ನೂ ಅವರೇ ಹೇಳಿದ್ದಾರೆ. ೧೯೫೦ರ ಮೇ ೨೨ರಂದು ಲಂಡನ್ನಿನ ಆಲ್ಬರ್ಟ್ ಹಾಲಿನಲ್ಲಿ ರಿಚರ್ಡ್ ಸ್ಟ್ರೌಸನ ಕಡೆಯ ನಾಲ್ಕು ಗೀತೆಗಳನ್ನು ಕಿರ್ಸ್ಟೆನ್ ಫ್ಲಾಗ್‌ಸ್ಟಾಡರು ಮೊತ್ತಮೊದಲು ಹಾಡಿದರಷ್ಟೆ. ಆ ಕಛೇರಿಗೂ ಹೊಣೆಯ ಹಣವು ಮೈಸೂರಿನದೇ. ಅಂದಿನ ಗಾಯನವನ್ನು ತಟ್ಟೆಗಳ ಮೇಲೆ ಹಿಡಿದು ಹಡಗಿನಲ್ಲಿ ಮಹಾರಾಜರಿಗೆ ಕಳುಹಿಸಿಕೊಟ್ಟರು.

ಇಲ್ಲಿ ಒಂದು ಮಾತನ್ನು ಮರೆಮಾಚಲಾಗದು. ಆ ಕಂಚೆರ್ಟೋಗಳು ಮುದ್ರಿತವಾದ ೧೯೪೭ನೆಯ ವರ್ಷವೇ ನಮ್ಮಲ್ಲಿ ‘ಮೈಸೂರು ಚಲೋ’ ನಡೆದ ವರ್ಷ. ಜವಾಬ್ದಾರಿ ಸರ್ಕಾರಕ್ಕಾಗಿ ಸೆಪ್ಟೆಂಬರಿನಲ್ಲಿ ಜನರು ಬೀದಿಗಿಳಿದು ಸೆರೆಮನೆಗಳನ್ನು ತುಂಬಿದರು, ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲವು ಬಂದಿತು. ನಮ್ಮ ಹಳ್ಳಿಯವನು ಹೆಸರು ಸಹ ಕೇಳದ ರಷ್ಯದವನೊಬ್ಬನಿಗಾಗಿ ಇಷ್ಟು ಹಣವು ಲಂಡನ್ನಿಗೆ ಹೋಗಬೇಕೇ ಎಂದು ಅಂದು ಯಾರಾದರೂ ಕೇಳಿದ್ದರೆ ಆ ಪ್ರಶ್ನೆಯು ನ್ಯಾಯವಾದುದೇ. ನನ್ನನ್ನು ಕಾಡುವ ಪ್ರಶ್ನೆಯು ಬೇರೆ. ಮಹಾರಾಜರು ಸ್ವತಃ ವೀಣೆ ವೆಂಕಟಗಿರಿಯಪ್ಪನವರಲ್ಲಿ ವೀಣೆಯನ್ನು ಕಲಿತು, ಸಂಸ್ಕೃತದಲ್ಲಿ ೯೪ ಕೃತಿಗಳನ್ನು ರಚಿಸಿದವರು. ಆಸ್ಥಾನದಲ್ಲಿ ವಾಸುದೇವಾಚಾರ್ಯರಂಥ ವಾಗ್ಗೇಯಕಾರರಿದ್ದರು. ಅಂಥವರ ಗಾನವೆಲ್ಲವನ್ನೂ ಅವರ ಬಾಯಿಂದಲೇ ಹಾಡಿಸಿ ಹಿಡಿಯುವ ಸಂಘವೊಂದು ಅದೇ ಬೊಕ್ಕಸದಿಂದ ಏರ್ಪಟ್ಟಿದ್ದರೆ ಎಷ್ಟು ಚೆನ್ನಾಗಿತ್ತು! ಕೈಗೆಟುಕುವ ದೂರದಲ್ಲಿರುವುದು ಎಂದಿಗೂ ಕಳೆದುಹೋಗದೆಂಬ ಭ್ರಮೆಯು ದೊರೆಗಳಿಗೂ ಉಂಟು, ನಮಗೂ ಉಂಟು.

ಆದರೂ ಮಹಾರಾಜರು ಮಾಡಿದುದನ್ನು ಮಾಡದೆ ಬಿಟ್ಟುದರಿಂದ ಅಳೆಯುವುದು ಸರಿಯಲ್ಲವೆಂದು ನನ್ನ ಎಣಿಕೆ. ತಮಗೆ ಪ್ರಿಯವಾದ ಸಂಗೀತವನ್ನು ಅರಮನೆಯ ಕೋಣೆಯೊಂದರಲ್ಲಿ ತಾವೊಬ್ಬರೇ ಕೇಳಿಕೊಂಡಿರಬೇಕೆಂದರೆ ಮೆಟ್ನರನನ್ನು ಮೈಸೂರಿಗೆ ಕರೆಸಿಕೊಂಡು ನುಡಿಯಿಸಬಹುದಾಗಿತ್ತು. ದೊರೆಗಳ ಹಳೆಯ ಪದ್ಧತಿಯೇ ಅದು. ಅವರು ಹಾಗೆ ಮಾಡದೆ ಅಂಗಡಿಯಲ್ಲಿ ಯಾರು ಬೇಕಾದರೂ ಕೊಳ್ಳಬಹುದಾದ ಸಂಪುಟಗಳನ್ನು ಮಾಡಿಸಿದರು.

ಸಂಕಲ್ಪವು ಪೂರ್ತಿಯಾಗಿ ಈಡೇರಲಿಲ್ಲ. ಕೃತಿಗಳಲ್ಲಿ ಬಹುಪಾಲು ಮುದ್ರಣವಾಗದೆ ಉಳಿದಿರುವಾಗಲೇ, ೧೯೫೧ರ ನವೆಂಬರಿನಲ್ಲಿ ಮೆಟ್ನರನು ಲಂಡನ್ನಿನಲ್ಲಿ ತೀರಿಕೊಂಡನು. ಅಷ್ಟು ಹೊತ್ತಿಗೆ ದೀರ್ಘಕಾಲ ನುಡಿಯುವ ಹೊಸ ತಟ್ಟೆಗಳು ಬಂದು, ರಟ್ಟಿನ ಪುಸ್ತಕದಂತಹ ಸಂಪುಟಗಳ ಕಾಲವೂ ಮುಗಿಯುತ್ತ ಬಂದಿದ್ದಿತು. ಮುಂದೆ ಹಲವು ದಶಕಗಳಾದ ಮೇಲೆ ಆ ಮುದ್ರಣಗಳು ಸಿ.ಡಿ. ರೂಪದಲ್ಲಿ ಮತ್ತೆ ಹೊರಬಂದುವು. ಇಂದು ಆ ಕಂಚೆರ್ಟೋಗಳನ್ನು ಅಭ್ಯಾಸಮಾಡುವ ಪಿಯಾನೋವಾದಕನು, ಕರ್ತೃವು ಇಲ್ಲಿ ಎಷ್ಟು ತಡೆದು ನುಡಿಸಿದನು, ಅಲ್ಲಿ ಎಷ್ಟು ಬಿರುಸಾಗಿ ಹೋದನು ಎಂಬುದನ್ನು ಆ ತಟ್ಟೆಗಳಿಂದಲೇ ಕೇಳಿ ತಿಳಿಯಬಹುದಾಗಿದೆ.