ಮನೆ ಕಟ್ಟೋಕೆ ಯಾರ ಪರ್ಮಿಷನ್? (ನಮ್ಮ ಕರಾವಳಿ ಕಥೆ, ಭಾಗ 6)

ಎಕನಾಮಿಕ್ಸ್ ಕ್ಲಾಸಲ್ಲಿ ಹೇಳ್ತಾರಲ್ಲ, ಒಂದು ಊರಲ್ಲಿ ಈ ವರ್ಷ ಎಷ್ಟು ಕಟ್ಟಡಗಳಿಗೆ ಪರವಾನಿಗೆ ಸಿಕ್ತು ಅಂತ ನೋಡಿದ್ರೆ ಮುಂದಿನ ವರ್ಷದ ಸಿಮೆಂಟು, ಕಬ್ಬಿಣ, ಕೂಲಿ ಎಲ್ಲದರ ಅಂದಾಜು ಸಿಗುತ್ತೆ ಅಂತ. ಬೆಂಗಳೂರಿಗೆ ಸರಿ. ಮಂಜಗುಣಿಯಿಂದ ಕಾರವಾರದವರೆಗೆ ಈ ಲೆಕ್ಕ ಹಿಡಿದು ಹೊರಟ್ರೆ ಅರ್ಧ ಮನೆಗಳು ಕಣ್ಣಿಗೇ ಬೀಳಲ್ಲ.

ಮೊದಲು ಹೀಗಿರಲಿಲ್ಲ. ಗೋಡೆಗೆ ಚಿರೆಕಲ್ಲು, ಮಾಡಿಗೆ ಮಡ್ಲು, ಅಷ್ಟೇ. 1862ರಲ್ಲಿ ಉತ್ತರ ಕನ್ನಡ ಮುಂಬೈ ಪ್ರಾಂತ್ಯಕ್ಕೆ ಸೇರಿ ಕಾರವಾರ ಜಿಲ್ಲಾ ಕೇಂದ್ರ ಆಯ್ತು, ಕಚೇರಿಗಳು ಬಂದ್ವು. 1865ರಲ್ಲಿ ಮಂಗಳೂರಲ್ಲಿ ಬಾಸೆಲ್ ಮಿಷನ್‌ನವರು ಹಂಚಿನ ಕಾರ್ಖಾನೆ ಹಾಕಿದ್ರು. ಆಮೇಲೆ ನಿಧಾನಕ್ಕೆ ಮಡ್ಲು ಹೋಗಿ ಹಂಚು ಬಂತು. (ಹಂಚಿನ ಕಥೆ ದೊಡ್ಡದು, ಇನ್ನೊಂದಿನ ಬರೀತೀನಿ.)

ನಿಜವಾದ ತಿರುವು 1991ರ ಫೆಬ್ರವರಿ 19. ಅವತ್ತು ಸಿಆರ್‌ಝಡ್ ಅಧಿಸೂಚನೆ ಬಂತು. ಹಳ್ಳಿ ಕಡಲತೀರದಲ್ಲಿ ಉಬ್ಬರದ ಗೆರೆಯಿಂದ 200 ಮೀಟರ್ ಒಳಗೆ ಹೊಸದಾಗಿ ಕಟ್ಟೋ ಹಾಗಿಲ್ಲ. 500 ಮೀಟರ್‌ವರೆಗೂ ಷರತ್ತು. ಉಪ್ಪುನೀರು ಹತ್ತೋ ನದಿಗೂ ಬೇರೆ ಲೆಕ್ಕ. ಮಂಜಗುಣಿಗೆ ಒಂದು ಕಡೆ ಅರಬ್ಬಿ ಸಮುದ್ರ, ಇನ್ನೊಂದು ಕಡೆ ಗಂಗಾವಳಿ. ಮಧ್ಯದಲ್ಲಿ ಎಷ್ಟು ಜಾಗ ಉಳೀತು ನೀವೇ ಯೋಚಿಸಿ!

ಇರೋ ಮನೆ ರಿಪೇರಿ ಮಾಡ್ಬಹುದು, ಆದ್ರೆ ಅದು ಅಧಿಕೃತ ಆಗಿರಬೇಕು, ತಳಪಾಯ ದೊಡ್ಡದಾಗಬಾರದು. ಅಜ್ಜ ಕಟ್ಟಿದ ಮನೆಗೆ ಕಾಗದ ಎಲ್ಲಿಂದ ತರೋದು? ಅಣ್ಣ ತಮ್ಮ ಪಾಲಾದ್ರೆ ತಮ್ಮ ಎಲ್ಲಿ ಕಟ್ಬೇಕು? 2011ರಲ್ಲಿ ಮೀನುಗಾರರ ಮನೆಗಳಿಗೆ 100ರಿಂದ 200 ಮೀಟರ್ ಮಧ್ಯೆ ಸ್ವಲ್ಪ ಅವಕಾಶ ಕೊಟ್ರು. 2019ರಲ್ಲಿ ಹೊಸ ಲೆಕ್ಕ: ಚದರ ಕಿಲೋಮೀಟರಿಗೆ 2161ಕ್ಕಿಂತ ಜಾಸ್ತಿ ಜನ ಇರೋ ಕಡೆ 50 ಮೀಟರ್ ಬಿಟ್ರೆ ಸಾಕು, ಉಳಿದವರಿಗೆ ಅದೇ 200. ಲೆಕ್ಕ ಹಾಕೋದು ಊರಿಗೂರಿಗೆ ಬೇರೆ, ನಿಜ. ಆದ್ರೂ 2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯ ಸರಾಸರಿ ಬರೀ 140. ಕಾಡು ಜಾಸ್ತಿ ಇರೋದಕ್ಕೆ ನಮಗೆ ಸಿಕ್ಕ ಬಹುಮಾನ ಅನ್ಸುತ್ತೆ ನಂಗೆ.

ಇನ್ನೊಂದು ಕಡೆ ನೋಡಿ. 1986ರಲ್ಲಿ ಸೀಬರ್ಡ್ ನೌಕಾನೆಲೆಗೆ ರಾಜೀವ್ ಗಾಂಧಿ ಅಡಿಗಲ್ಲು ಹಾಕಿದ್ರು. ಕಾರವಾರ, ಅಂಕೋಲಾದ 13 ಹಳ್ಳಿಗಳ 4 ಸಾವಿರಕ್ಕೂ ಹೆಚ್ಚು ಕುಟುಂಬ ಜಾಗ ಬಿಟ್ಟವು. ತೋಡೂರು, ಹಾರವಾಡದ ಪುನರ್ವಸತಿ ಕಾಲೊನಿಗಳು ಹುಟ್ಟಿದ್ದು ಹಾಗೆ. ಪರಿಹಾರದ ಕೇಸು ಸುಪ್ರೀಂ ಕೋರ್ಟ್‌ವರೆಗೂ ಹೋಯ್ತು. 1998ಕ್ಕೆ ಕೊಂಕಣ ರೈಲ್ವೆ ಪೂರ್ತಿ ಆಯ್ತು, ಆಮೇಲೆ ಹೆದ್ದಾರಿ ಚತುಷ್ಪಥ. ಅಂಕಿ ಅಂಶದಲ್ಲಿ ಇದೆಲ್ಲ 'ನಿರ್ಮಾಣ ಚಟುವಟಿಕೆ'. ಮನೆ ಬಿಟ್ಟೋರು ಹೊಸ ಮನೆ ಕಟ್ಟಿಕೊಂಡಿದ್ದೂ ಅದೇ ಲೆಕ್ಕದಲ್ಲಿ ಸೇರುತ್ತೆ.

ಈಗ ಪಂಚಾಯ್ತಿ ಪರವಾನಿಗೆ ಬೇಕು, ಬ್ಯಾಂಕಿಗೆ ಇ-ಸ್ವತ್ತಿನ ಕಾಗದ ಬೇಕು. ಅದಿಲ್ಲ ಅಂದ್ರೆ ಸಾಲ ಇಲ್ಲ. ಸಾಲ ಇಲ್ಲ ಅಂದ್ರೆ ಚಿನ್ನ ಅಡ ಇಟ್ಟು, ಮೀನು ಸಿಕ್ಕ ವರ್ಷ ಒಂದು ಗೋಡೆ, ಇನ್ನೊಂದು ವರ್ಷ ಸ್ಲ್ಯಾಬು. ಇಂಥ ಮನೆ ಯಾವ ಪಟ್ಟಿಯಲ್ಲೂ ಬರಲ್ಲ.

ಹಂಗಂತ ನಿಯಮಾನೇ ಬೇಡ ಅಂತ ನಾನು ಹೇಳಲ್ಲ. 2024ರ ಜುಲೈ 16, ಶಿರೂರು ನೆನಪಿದೆ ಅಲ್ವಾ? ಹೆದ್ದಾರಿ ಪಕ್ಕದ ಗುಡ್ಡ ಗಂಗಾವಳಿಗೆ ಕುಸಿದಾಗ ಎದ್ದ ನೀರು ಆಚೆ ದಡದ ಉಳವರೆಯ ಮನೆಗಳನ್ನ ಕೆಡವಿತು. ನದಿಯಿಂದ ಎಷ್ಟು ಮೀಟರ್ ದೂರ ಇರ್ಬೇಕು ಅಂತ ಮನೆಯವರಿಗೆ ನಿಯಮ ಇತ್ತು. ಗುಡ್ಡ ಎಷ್ಟು ನೆಟ್ಟಗೆ ಕಡೀಬಹುದು ಅಂತ ರಸ್ತೆಯವರನ್ನ ಯಾರು ಕೇಳಿದ್ರು?

ನಿಮ್ಮನೇಲಿ ಹಳೇ ಪರವಾನಿಗೆ ಕಾಗದ ಇದ್ರೆ ಹೆಸರು, ಸರ್ವೆ ನಂಬರ್ ಮುಚ್ಚಿ ಫೋಟೋ ಕಳ್ಸಿ. ಭಾಗ 7ರಲ್ಲಿ ಹಾಕ್ತೀನಿ.

#ನಮ್ಮಕರಾವಳಿಕಥೆ #ಮಂಜಗುಣಿ #ಅಂಕೋಲಾ #ಕಾರವಾರ