ಬಂದೂಕಿನ ದೂರದರ್ಶಕವೂ ಆಶುಕಲ್ಪಿತ ಉಪಕರಣಗಳೂ

ಯುದ್ಧಗಳ ಇತಿಹಾಸವನ್ನು ಬರೆಯತಕ್ಕವರು ಸೇನಾಪತಿಗಳ ಹೆಸರನ್ನೂ ಸಂಧಿಪತ್ರಗಳ ತಾರೀಖನ್ನೂ ಆಯುಧಗಳ ಸಂಖ್ಯೆಯನ್ನೂ ತಪ್ಪದೆ ಹೇಳುವರು. ಆ ಆಯುಧಗಳನ್ನು ಸರಿಪಡಿಸುತ್ತಿದ್ದ ಅಂಗೈಯಗಲದ ಉಪಕರಣಗಳ ಮಾತು ಮಾತ್ರ ಅಪೂರ್ವ. ಆದರೆ ಉಪಕರಣವು ಲುಪ್ತವಾದರೆ ಆಯುಧವು ಮೂಕವಾಗುತ್ತದೆ. ಬ್ರಿಟಿಷ್ ಸೇನೆಯ 32ನೆಯ ಸಂಖ್ಯೆಯ ದೂರದರ್ಶಕವು ಇದಕ್ಕೆ ಒಳ್ಳೆಯ ನಿದರ್ಶನ. ನಾನು ಯಂತ್ರಶಾಸ್ತ್ರದವನಲ್ಲ, ಗ್ರಂಥಸಂಪಾದನೆ ಮಾಡುವವರಿಗೂ ಇದರಲ್ಲಿ ಒಂದು ಪಾಠವಿದೆಯೆಂದು ತೋರಿದುದರಿಂದ ಈ ವಿಷಯವನ್ನು ಎತ್ತಿಕೊಂಡಿದ್ದೇನೆ.

ಈ ದೂರದರ್ಶಕವು ಮೊದಲು ಬ್ರೆನ್ ಎಂಬ ಲಘು ಯಂತ್ರಬಂದೂಕಿಗಾಗಿ ಯೋಜಿತವಾದುದು. ಎರಡನೆಯ ಮಹಾಯುದ್ಧದ ನಡುವೆ, 1942ರಿಂದ, ಲೀ-ಎನ್‌ಫೀಲ್ಡ್ 4ನೆಯ ಸಂಖ್ಯೆಯ ರೈಫಲುಗಳಲ್ಲಿ ಗುರಿ ಚೆನ್ನಾಗಿ ಹಿಡಿಯುವಂಥವನ್ನು ಆಯ್ದು ಅವಕ್ಕೆ ಇದನ್ನು ಜೋಡಿಸಿದರು. ಜೋಡಣೆಯ ಕೆಲಸದ ಬಹುಭಾಗವು ಲಂಡನ್ನಿನ ಹಾಲೆಂಡ್ ಅಂಡ್ ಹಾಲೆಂಡ್ ಸಂಸ್ಥೆಯಲ್ಲಿ ನಡೆಯಿತು. ದೃಶ್ಯವನ್ನು ಇದು 3 ಪಾಲು ಹಿಗ್ಗಿಸಿ ತೋರಿಸುವುದು. ಒಂದು ರೈಫಲಿಗೆ ಒಂದೇ ದೂರದರ್ಶಕ. ಅದರ ಸಂಖ್ಯೆಯನ್ನು ರೈಫಲಿನ ಹಿಡಿಯ ಮರದ ಮೇಲೆ ಮುದ್ರಿಸುತ್ತಿದ್ದರು. ಒಂದರದು ಇನ್ನೊಂದಕ್ಕೆ ಸಲ್ಲದೆಂಬುದೇ ಇದರ ತಾತ್ಪರ್ಯ.

ದೂರದರ್ಶಕದ ಮೇಲೊಂದು, ಪಕ್ಕದಲ್ಲೊಂದು, ಹೀಗೆ ಎರಡು ಅಂಕಿತ ಚಕ್ರಗಳಿವೆ. ಮೇಲಿನದು ದೂರಕ್ಕೆ, ಅದರ ಅಂಕಗಳು 1000 ಗಜದವರೆಗೆ ಹೋಗುತ್ತವೆ. ಪಕ್ಕದ್ದು ಗಾಳಿಯ ಸೆಳೆತಕ್ಕೆ. ಮಾರ್ಕ್ 1ರಲ್ಲಿ ದೂರದ ಚಕ್ರವು 50 ಗಜಕ್ಕೊಮ್ಮೆ ಟಕ್ಕೆಂದು ನಿಲ್ಲುತ್ತಿತ್ತು. ಮಾರ್ಕ್ 2ರಲ್ಲಿ ಒಂದೊಂದು ಕಲೆಗೆ ನಿಲ್ಲುವಂತೆ ಮಾಡಿದರು. ಕಲೆಯೆಂಬುದು ನಮ್ಮ ಜ್ಯೌತಿಷಿಗಳು ಬಲ್ಲ ಮಾನವೇ, ಒಂದು ಭಾಗೆಯ 60ರಲ್ಲೊಂದು ಅಂಶ. 100 ಗಜದಲ್ಲಿ ಅದು ಸುಮಾರು ಒಂದು ಅಂಗುಲ. 400 ಗಜದಲ್ಲಿ ನಾಲ್ಕು ಅಂಗುಲ. ಇಷ್ಟು ಸೂಕ್ಷ್ಮವಾದ ಮಾನವು ಪ್ರಯೋಜನಕ್ಕೆ ಬರಬೇಕಾದರೆ ಚಕ್ರದ ಅಂಕಕ್ಕೂ ಗುಂಡು ತಾಗುವ ಸ್ಥಳಕ್ಕೂ ಹೊಂದಿಕೆಯಿರಬೇಕು. ಅಂಕವು ಶಬ್ದ, ಗುಂಡು ತಾಗಿದ ಸ್ಥಳವು ಅರ್ಥ ಎಂದುಕೊಂಡರೆ, ಇವೆರಡರ ಸಂಬಂಧವನ್ನು ಸ್ಥಾಪಿಸುವುದೇ ಹೊಂದಿಕೆಯ ಕಾರ್ಯ.

ಕಷ್ಟವಿದ್ದುದು ಇಲ್ಲಿಯೇ. ಮೊದಲ ಎರಡು ಮಾರ್ಕುಗಳಲ್ಲಿ ಚಕ್ರದ ನಡುವಣ ತಿರುಪು ಬೇರೆ, ಅದನ್ನು ಬಿಗಿಹಿಡಿದ ಭಾಗ ಬೇರೆ. ಒಂದನ್ನು ಅಲುಗದಂತೆ ಹಿಡಿದು ಇನ್ನೊಂದನ್ನು ಸಡಿಲಿಸಬೇಕು. ಇದಕ್ಕೆ ವಿಶೇಷವಾದೊಂದು ಉಪಕರಣ ಬೇಕು. ಎಷ್ಟೋ ವೇಳೆ ಎರಡನೆಯವನ ಕೈಯೂ ಬೇಕು. 1944ರ ಮಾರ್ಕ್ 3ರಲ್ಲಿ ಚಕ್ರದ ರಚನೆಯನ್ನೇ ಸರಳಗೊಳಿಸಿದರು. ಸಿಪಾಯಿಯು ಒಬ್ಬನೇ ಹೊಂದಿಸಿಕೊಳ್ಳುವಂತಾಯಿತು. ಯುದ್ಧಭೂಮಿಯ ಕೈಗಳು ಪಟ್ಟ ಪಾಡಿಗೆ ಇದಕ್ಕಿಂತ ಬಲವಾದ ಸಾಕ್ಷ್ಯ ಬೇಕಿಲ್ಲ. ಈ ಮಾರ್ಕ್ 3ರ ದೂರದರ್ಶಕಗಳನ್ನೇ ಮಾರ್ಪಡಿಸಿ 1970ರ ಎಲ್42ಎ1 ರೈಫಲಿಗೂ ಬಳಸಿದರು.

ಯುದ್ಧಾನಂತರ ಈ ವಸ್ತುಗಳು ಮಾರಾಟವಾಗಿ ಚದುರಿದುವು. ದೂರದರ್ಶಕವು ಒಬ್ಬನ ಪಾಲಾದರೆ ರೈಫಲು ಇನ್ನೊಬ್ಬನ ಪಾಲಾಯಿತು. ಸಣ್ಣ ಉಪಕರಣವು ಯಾರ ಪಾಲಿಗೂ ಉಳಿಯಲಿಲ್ಲ. ಆಗ ಸಂಗ್ರಾಹಕರು ತಾವೇ ಉಪಕರಣವನ್ನು ಕಲ್ಪಿಸಿದರು. ಅಗಲವಾದ ತಿರುಪುಳಿಯ ಬಾಯಿಯನ್ನು ಅರದಿಂದ ತೇದು, ನಡುವೆ ಕಚ್ಚು ಮಾಡಿ, ಎರಡು ಹಲ್ಲುಗಳನ್ನು ಉಳಿಸಿದರೆ ಕೆಲಸ ನಡೆಯುವುದು. ರಷ್ಯದ ಮೋಸಿನ್ ರೈಫಲಿಗೆ 1942ರಿಂದ ಜೋಡಿಸಿದ ಪಿಯು ದೂರದರ್ಶಕದಲ್ಲಿ ತೊಡಕು ಬೇರೆ ಬಗೆಯದು. ಅಲ್ಲಿ ತಳಪಟ್ಟಿಯ ಎರಡು ತಿರುಪುಗಳಿಂದಲೇ ಏರಿಳಿತವನ್ನು ಸರಿಪಡಿಸಬಹುದು. ಆದರೆ ಚಕ್ರವನ್ನು ಬಹಳ ತಿರುಗಿಸಿದರೆ ಗುರಿಯ ಗೆರೆಯೇ ದೃಶ್ಯದ ನಡುವಿನಿಂದ ಒಂದು ಕಡೆಗೆ ಸರಿಯುವುದು. ಅದಕ್ಕಾಗಿ ಹಿಡಿಯುಂಗುರದೊಳಗೆ ತೆಳುವಾದ ಲೋಹದ ತಗಡನ್ನು ಸೇರಿಸುವರು.

ಇಂಥವು ಕೇವಲ ಹರಕುಮುರುಕು ಯುಕ್ತಿಗಳು, ಇತಿಹಾಸಕ್ಕೆ ಅರ್ಹವಲ್ಲವೆಂದು ಕೆಲವರು ಹೇಳಬಹುದು. ನನಗೆ ಹಾಗೆ ತೋರುವುದಿಲ್ಲ. ಭಾಸ್ಕರಾಚಾರ್ಯರು 1150ರಲ್ಲಿ ರಚಿಸಿದ ಸಿದ್ಧಾಂತಶಿರೋಮಣಿಯ ಯಂತ್ರಾಧ್ಯಾಯದಲ್ಲಿ ಅನೇಕ ಯಂತ್ರಗಳನ್ನು ವರ್ಣಿಸಿ, ಒಂದು ಕೋಲನ್ನು ಮಾತ್ರ ಸಾಧನವಾಗಿ ಉಳ್ಳ ಧೀಯಂತ್ರಕ್ಕೆ ಮೇಲಾದ ಸ್ಥಾನವನ್ನು ಕೊಟ್ಟಿದ್ದಾರೆ. ಬುದ್ಧಿಯಿದ್ದವನ ಕೈಯಲ್ಲಿ ಕೋಲೂ ಯಂತ್ರವೇ. ತೇದ ತಿರುಪುಳಿಯೂ ಆ ವಂಶಕ್ಕೇ ಸೇರಿದುದು.

ಆದರೆ ಧೀಯು ಲೋಪವಾದರೆ ಅದೇ ತಿರುಪುಳಿಯು ಘಾತಕ. ಸರಿಯಾಗಿ ಕೂರದ ಬಾಯಿಯಿಂದ ತಿರುಗಿಸಿದರೆ ತಿರುಪಿನ ಕಚ್ಚು ಹರಿಯುವುದು; ಆಮೇಲೆ ಮೂಲೋಪಕರಣವೇ ಸಿಕ್ಕಿದರೂ ಪ್ರಯೋಜನವಿಲ್ಲ. ಓಲೆಗರಿಯ ಅರ್ಥವಾಗದ ಪಾಠವನ್ನು ತಿದ್ದಿ, ಹಳೆಯ ಅಕ್ಷರವನ್ನು ಕೆರೆದುಹಾಕಿದ ಲಿಪಿಕಾರನೂ ಹೀಗೆಯೇ ಮಾಡಿದನು. ಮುಂದೆ ಬರುವ ಸಂಪಾದಕನಿಗೆ ಅವನ ಊಹೆ ಉಳಿಯಿತೇ ಹೊರತು ಕವಿಯ ಮಾತು ಉಳಿಯಲಿಲ್ಲ.

ಆದುದರಿಂದ ಎರಡು ನಿಯಮಗಳು ಗ್ರಾಹ್ಯವೆಂದು ತೋರುತ್ತದೆ. ಉಪಕರಣವನ್ನು ವಸ್ತುವಿಗೆ ತಕ್ಕಂತೆ ತೇಯಬೇಕು. ವಸ್ತುವನ್ನು ಉಪಕರಣಕ್ಕೆ ತಕ್ಕಂತೆ ತೇಯಬಾರದು. ಎರಡನೆಯದಾಗಿ, ಹಾಗೆ ತೇದ ಉಪಕರಣವನ್ನು ಕೆಲಸವಾದ ಮೇಲೆ ಬಿಸಾಡದೆ, ಯಾವ ಕಾಲದಲ್ಲಿ ಯಾವ ದೂರದರ್ಶಕಕ್ಕಾಗಿ ಮಾಡಿದುದೆಂಬ ಚೀಟಿಯೊಡನೆ ಅದರ ಪಕ್ಕದಲ್ಲಿಯೇ ಇರಿಸಬೇಕು. ವ್ಯಾಖ್ಯಾನವನ್ನು ಮೂಲದೊಡನೆ ಬೆರಸದೆ, ಮೂಲದ ಕೆಳಗೆ ಬೇರೆಯಾಗಿ ಅಚ್ಚು ಮಾಡುವುದೂ ಇದೇ ನ್ಯಾಯದಿಂದಲ್ಲವೆ? ವಿದ್ವಾಂಸರು ವಿಚಾರಿಸಬೇಕೆಂದು ಬೇಡುತ್ತೇನೆ.