ಅಕ್ಕಿಹೆಬ್ಬಾಳಿನ ನಗೆಮೊಗದ ಹಿರಿಯರು

ನಮ್ಮ ಸಂಘದ ಬೆಳ್ಳಿಹಬ್ಬದ ಸಂಚಿಕೆಗೆ ಈ ಭಾಗದ ಹಿರಿಯರೊಬ್ಬರ ಚರಿತ್ರೆ ಬರೆದುಕೊಡಿ ಎಂದು ಆಡಳಿತ ಮಂಡಳಿಯವರು ನನಗೆ ವಹಿಸಿದರು. ಹಿರಿಯರು ಅಂದ ಕೂಡಲೆ ನಮ್ಮ ಕಡೆ ಕಣ್ಣ ಮುಂದೆ ಬರುವುದು ಜಗಲಿ ಮೇಲೆ ಕೂತ ಮನೆ ಯಜಮಾನ. ಯಜಮಾನರಲ್ಲಿ ಎರಡು ತರಹ. ಅವರು ಕೆಮ್ಮಿದರೆ ಸಾಕು, ಮಕ್ಕಳೆಲ್ಲ ಹಿತ್ತಲಿಗೆ ಓಡುತ್ತವೆ. ಅದು ಒಂದು ತರ. ಇನ್ನೊಂದು ತರದವರು ಕೂತರೆ ಮಕ್ಕಳು ತೊಡೆ ಏರುತ್ತವೆ, ದೊಡ್ಡವರೂ ಬಂದು ಪಕ್ಕದಲ್ಲಿ ಕೂರುತ್ತಾರೆ. ಇಂಥವರು ಊರಿಗೊಬ್ಬರು ಸಿಕ್ಕಿದರೆ ಹೆಚ್ಚು. ಕನ್ನಡ ಸಾಹಿತ್ಯದ ದೊಡ್ಡ ಮನೆಗೆ ಅಂಥ ಯಜಮಾನರಾಗಿದ್ದವರು ನಮ್ಮ ಕೆ.ಆರ್. ಪೇಟೆ ತಾಲ್ಲೂಕಿನ ಎ.ಎನ್. ಮೂರ್ತಿರಾಯರು. ಹೆಸರಿನ ಮೊದಲ ಅಕ್ಷರ ‘ಎ’ ಅಂದರೆ ಅಕ್ಕಿಹೆಬ್ಬಾಳೇ.

ಅವರು ಹುಟ್ಟಿದ್ದು 1900ನೇ ಇಸವಿ ಜೂನ್ ತಿಂಗಳಲ್ಲಿ. ಆಗ ಹೇಮಾವತಿ ದಡದ ಈ ಊರಿಗೆ ರೈಲು ಇರಲಿಲ್ಲ. ಮೈಸೂರು-ಅರಸೀಕೆರೆ ರೈಲು ಬಂದದ್ದು 1918ರಲ್ಲಿ. ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾದದ್ದು 1911ರಲ್ಲಿ. ಮಂಡ್ಯ ಜಿಲ್ಲೆ ಆದದ್ದು 1939ರಲ್ಲಿ. ಮೈಸೂರು ಸಂಸ್ಥಾನಕ್ಕೆ ಸಹಕಾರ ಸಂಘಗಳ ಕಾನೂನು ಬಂದದ್ದೇ 1905ರಲ್ಲಿ. ಅಂದರೆ ನಾವು ಈವತ್ತು ಹಬ್ಬ ಮಾಡುತ್ತಿರುವ ಸಹಕಾರ ಚಳವಳಿಗಿಂತ ಇವರು ಐದು ವರ್ಷ ದೊಡ್ಡವರು! ಬಾಲ್ಯದ ಓದು ಮೇಲುಕೋಟೆ, ನಾಗಮಂಗಲದಲ್ಲಿ, ಆಮೇಲೆ ಮೈಸೂರಿನಲ್ಲಿ. ಓದಿ ಇಂಗ್ಲಿಷ್ ಮೇಷ್ಟ್ರಾದರು. ಪಾಠ ಹೇಳಿದ್ದು ಇಂಗ್ಲಿಷು, ಹೆಸರು ಮಾಡಿದ್ದು ಕನ್ನಡದಲ್ಲಿ.

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಕಾಲೇಜು ಮೇಷ್ಟ್ರ ಪುಸ್ತಕ ನನಗೆಲ್ಲಿ ತಲೆಗೆ ಹತ್ತೀತು ಅಂದುಕೊಂಡೇ ಲೈಬ್ರರಿಯಿಂದ ‘ಹಗಲುಗನಸುಗಳು’ ತಂದೆ. ಇದು ಅವರ ಮೊದಲ ಪ್ರಬಂಧ ಸಂಗ್ರಹ, 1937ರದ್ದು. ಸಾಯಂಕಾಲ ಹಾಲು ಹಾಕಿ ಬಂದು ದಿನಾ ಒಂದೊಂದು ಓದಿದೆ. ಹಗಲುಗನಸು ಅಂದರೆ ನಮ್ಮಲ್ಲಿ ಕೆಲಸಗೇಡಿಗಳ ಲಕ್ಷಣ. ಆ ಹೆಸರನ್ನು ತಮ್ಮ ಪುಸ್ತಕಕ್ಕೆ ತಾವೇ ಇಟ್ಟುಕೊಂಡವರು ಎಂಥ ಮನುಷ್ಯ ಇರಬೇಕು! ಅರಳಿಕಟ್ಟೆಯಲ್ಲಿ ಕೂತು ನಾವು ನಗುವುದು ಬಹುಪಾಲು ಇನ್ನೊಬ್ಬರ ಮೇಲೆ. ಅವನ ಸಾಲ, ಇವನ ಸೋಲು, ಅವರ ಮನೆ ಪಾಲುಪಾರಿಕತ್ತು, ಇವೇ ನಮ್ಮ ನಗೆಗೆ ಮೇವು. ಮೂರ್ತಿರಾಯರು ಮೊದಲು ನಗುವುದು ತಮ್ಮನ್ನು ನೋಡಿಕೊಂಡು. ಹೀಗಾಗಿ ಅವರ ಜೊತೆ ನಕ್ಕವರಿಗೆ ಆಮೇಲೆ ನಾಲಿಗೆ ಕಹಿಯಾಗುವುದಿಲ್ಲ. ಎಪ್ಪತ್ತು ದಾಟಿದ ಮೇಲೆ ಅಮೆರಿಕಾ ನೋಡಿ ಬಂದು ಬರೆದ ಪುಸ್ತಕಕ್ಕೆ ‘ಅಪರವಯಸ್ಕನ ಅಮೆರಿಕಾ ಯಾತ್ರೆ’ ಅಂತ ಹೆಸರಿಟ್ಟರು. ಅಪರವಯಸ್ಕ ಅಂದರೆ ವಯಸ್ಸು ಬಾಗಿದವನು. ಬೇರೆಯವರು ಮುದುಕ ಅನ್ನುವುದಕ್ಕೆ ಮೊದಲೇ ತಾವೇ ಅಂದುಕೊಂಡುಬಿಟ್ಟರೆ ಅನ್ನುವವರ ಬಾಯಿ ಕಟ್ಟುತ್ತದೆ ನೋಡಿ.

ನಗು ಅಂದಮಾತ್ರಕ್ಕೆ ಗಟ್ಟಿ ಮಾತು ಇರಲಿಲ್ಲ ಅಂತಲ್ಲ. ಫ್ರಾನ್ಸ್ ದೇಶದ ಮೋಲಿಯೇರ್ ಎಂಬ ನಾಟಕಕಾರನ ನಾಟಕವೊಂದನ್ನು ಅವರು ‘ಆಷಾಢಭೂತಿ’ ಎಂದು ಕನ್ನಡಕ್ಕೆ ತಂದರು. ಮೋಲಿಯೇರನ ಕಥೆ ಇಷ್ಟು: ದೊಡ್ಡ ಭಕ್ತನ ವೇಷ ಹಾಕಿದ ಒಬ್ಬ ಸಂಸಾರದೊಳಗೆ ಸೇರಿಕೊಳ್ಳುತ್ತಾನೆ. ಮನೆ ಯಜಮಾನ ಮರುಳಾಗಿ, ಹೆಂಡತಿ ಮಕ್ಕಳ ಮಾತು ಕೇಳದೆ, ಆಸ್ತಿಯನ್ನೇ ಅವನ ಹೆಸರಿಗೆ ಮಾಡಿಕೊಡುತ್ತಾನೆ. ಇದು ಮುನ್ನೂರೈವತ್ತು ವರ್ಷದ ಹಿಂದಿನ ಪರದೇಶದ ನಾಟಕ. ನಮ್ಮ ನಾಲ್ಕು ತಾಲ್ಲೂಕಿನಲ್ಲಿ ಇಂಥದು ನಡೆದೇ ಇಲ್ಲ ಅಂತ ಎದೆ ಮುಟ್ಟಿ ಹೇಳುವವರು ಯಾರಿದ್ದಾರೆ?

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. 1991ರಲ್ಲಿ, ತೊಂಬತ್ತು ದಾಟಿದ ವಯಸ್ಸಿನಲ್ಲಿ, ಅವರು ‘ದೇವರು’ ಎಂಬ ಪುಸ್ತಕ ತಂದರು. ದೇವರ ಮೇಲೆ ತಮಗೆ ನಂಬಿಕೆ ಯಾಕಿಲ್ಲ ಎಂಬುದನ್ನು ಅದರಲ್ಲಿ ಬಿಡಿಸಿ ಹೇಳಿದ್ದಾರೆ. ಸಂಚಿಕೆಯ ಸಭೆಯಲ್ಲಿ ಇದೇ ಗಲಾಟೆಯಾಯಿತು. ಹಿರಿಯ ನಿರ್ದೇಶಕರೊಬ್ಬರು, “ಅಲ್ಲ ಕಣಪ್ಪಾ, ಮೊದಲ್ನೇ ಪುಟದಲ್ಲಿ ಗಣಪತಿ ಫೋಟೋ ಹಾಕ್ಸಿದ್ದೀವಿ. ಒಳಗೆ ದೇವರಿಲ್ಲ ಅಂದೋರ ಕತೆ ಹಾಕುದ್ರೆ ಗಣಪತಿ ಏನು ತಿಳ್ಕತಾನೆ?” ಅಂದರು. ಎಲ್ಲರೂ ನಕ್ಕರು. ಆದರೆ ಅವರು ನಗಲಿಲ್ಲ. ನಾನೂ ವರ್ಷ ವರ್ಷ ವೈರಮುಡಿಗೆ ಮೇಲುಕೋಟೆ ಹತ್ತುವವನೇ. “ಅಣ್ಣಾ, ನೀವೇ ಒಂದ್ಸಲ ಓದಿ ನೋಡಿ” ಅಂತ ಪುಸ್ತಕ ಅವರ ಕೈಗೆ ಕೊಟ್ಟೆ. ಹದಿನೈದು ದಿನ ಇಟ್ಟುಕೊಂಡರು. ವಾಪಸು ಕೊಡುವಾಗ ಅಂದರು: “ಇವರು ಕೇಳಿರೋ ಪ್ರಶ್ನೆ ನಾನೂ ಕೇಳಿದ್ದೀನಿ ಕಣಪ್ಪಾ. 2016ರಲ್ಲಿ ಮಳೆ ಕೈಕೊಟ್ಟು ಕಬ್ಬು ಒಣಗಿದಾಗ ಬದಿನ ಮೇಲೆ ನಿಂತ್ಕಂಡು ಕೇಳಿದ್ದೀನಿ. ಆದರೂ ನಾನು ಕೈ ಮುಗಿಯೋದು ಬುಡಾಕಿಲ್ಲ. ನೀನು ಬರಿ.”

ಆ ಪುಸ್ತಕ ಗುಡಿಗೆ ಹೋಗುವವರನ್ನು ಹೀಯಾಳಿಸುವುದಿಲ್ಲ. ಜಗಲಿ ಮೇಲೆ ಕೂತ ಹಿರಿಯ ಎಲೆಅಡಿಕೆ ತಟ್ಟೆ ಮುಂದೆ ತಳ್ಳಿ, ‘ನನಗೆ ಹೀಗೆ ಕಾಣುತ್ತಪ್ಪ, ನಿನಗೆ?’ ಅಂತ ಕೇಳುವ ಧಾಟಿ ಅದು. ಪ್ರಾಣಿಪಕ್ಷಿ, ಪಾಪ ಮಾಡದವರು ಯಾಕೆ ನೋಯಬೇಕು ಎಂಬ ಪ್ರಶ್ನೆಗೆ ಭಕ್ತರಾದ ನಮ್ಮಲ್ಲೂ ಸುಲಭದ ಉತ್ತರ ಇಲ್ಲ.

ಇನ್ನೊಂದು ಸೋಜಿಗ ಕೇಳಿ. ಮೇಲುಕೋಟೆಯ ಪು.ತಿ. ನರಸಿಂಹಾಚಾರ್ಯರು ಕೃಷ್ಣನ ಕಥೆಯನ್ನು ‘ಶ್ರೀಹರಿಚರಿತೆ’ ಎಂದು ಬರೆದರು. ಅದಕ್ಕೆ ಸರ್ಕಾರದ ಪಂಪ ಪ್ರಶಸ್ತಿ ಬಂತು. ಹಿಂದೆಯೇ ದೇವರನ್ನು ಒಪ್ಪದ ಮೂರ್ತಿರಾಯರ ‘ದೇವರು’ ಪುಸ್ತಕಕ್ಕೂ ಅದೇ ಪಂಪ ಪ್ರಶಸ್ತಿ ಬಂತು. ಮೇಲುಕೋಟೆಗೂ ಅಕ್ಕಿಹೆಬ್ಬಾಳಿಗೂ ಎಷ್ಟು ದೂರ? ಬೆಳಿಗ್ಗೆ ಹೊರಟರೆ ಎರಡೂ ನೋಡಿಕೊಂಡು ಮಧ್ಯಾಹ್ನದ ಊಟಕ್ಕೆ ಮನೆಗೆ ಬರಬಹುದು. ಗ್ರೀಸ್ ದೇಶದ ಸಾಕ್ರೆಟೀಸನಿಗೆ ಅವನ ಊರಿನವರು, ನಮ್ಮ ದೇವರನ್ನು ನಂಬುವುದಿಲ್ಲ, ಹುಡುಗರನ್ನು ಕೆಡಿಸುತ್ತಾನೆ ಅಂತ ವಿಷ ಕುಡಿಸಿದರು. ಆ ಕಥೆಯನ್ನು ‘ಸಾಕ್ರೆಟೀಸನ ಕೊನೆಯ ದಿನಗಳು’ ಎಂದು ಕನ್ನಡಕ್ಕೆ ತಂದವರೂ ಮೂರ್ತಿರಾಯರೇ. ಅವರಿಗೆ ಮಾತ್ರ ನಮ್ಮ ನಾಡಿನವರು ಶಾಲು ಹೊದಿಸಿದರು. ಈ ವಿಷಯದಲ್ಲಿ ನಮ್ಮವರ ಬಗ್ಗೆ ನನಗೆ ಹೆಮ್ಮೆ ಇದೆ.

ಅವರು ಕನ್ನಡ ಸಾಹಿತ್ಯ ಪರಿಷತ್ತಿನ ಅಧ್ಯಕ್ಷರಾಗಿದ್ದರು. ‘ಚಿತ್ರಗಳು ಪತ್ರಗಳು’ ಪುಸ್ತಕಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. 1984ರಲ್ಲಿ ಕೈವಾರದ ಸಮ್ಮೇಳನದ ಅಧ್ಯಕ್ಷತೆ ವಹಿಸಿದರು. 2003ರ ಆಗಸ್ಟ್‌ನಲ್ಲಿ, 103 ತುಂಬಿದ ಮೇಲೆ, ಕಣ್ಣು ಮುಚ್ಚಿದರು. ಅದೇ ವರ್ಷ ಡಿಸೆಂಬರ್‌ನಲ್ಲಿ ಇದೇ ತಾಲ್ಲೂಕಿನ ಕಿಕ್ಕೇರಿಯ ಕವಿ ಕೆ.ಎಸ್. ನರಸಿಂಹಸ್ವಾಮಿಯವರೂ ಹೋದರು. ಒಂದೇ ವರ್ಷದಲ್ಲಿ ತಾಲ್ಲೂಕಿನ ಎರಡು ದೊಡ್ಡ ಜಗಲಿ ಖಾಲಿಯಾದವು.

ಮೂರ್ತಿರಾಯರ ಮೂರು ಪುಸ್ತಕಗಳನ್ನು ಕೊಂಡು ತಂದು ಸಂಘದ ಬೀರುವಿನಲ್ಲಿ ಇಟ್ಟಿದ್ದೇವೆ. ಬೆಳಿಗ್ಗೆ ಹಾಲು ಹಾಕಲು ಬಂದಾಗ ಕಾರ್ಯದರ್ಶಿಯವರಿಗೆ ಹೇಳಿ, ಪುಸ್ತಕದಲ್ಲಿ ಸಹಿ ಮಾಡಿ ತೆಗೆದುಕೊಂಡು ಹೋಗಬಹುದು. ‘ದೇವರು’ ಸದ್ಯ ಆ ಹಿರಿಯ ನಿರ್ದೇಶಕರ ಮನೆಯಲ್ಲೇ ಇದೆ. ಎರಡನೇ ಸಲ ಓದುತ್ತಿದ್ದಾರಂತೆ.